ಇಬ್ಬರಿಗೂ ಕೇಳಿದ ಪ್ರಶ್ನೆ

ಬುಧವಾರ ಮಧ್ಯಾಹ್ನ ಮೂರು ಗಂಟೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹಿರಿಯ ವರದಿಗಾರ್ತಿಯೊಬ್ಬರು ಅಂದಿನ ಪತ್ರಿಕೆ ಹರಡಿ, ಅಂಚು ಸವೆದ ಮರದ ಅಡಿಪಟ್ಟಿ ಇಟ್ಟು ಅಳೆದರು. ನಗರಸಭೆಯ ಅಧ್ಯಕ್ಷ ಸ್ಥಾನಕ್ಕೆ ನಿಂತ ಸಿಮೆಂಟು ವ್ಯಾಪಾರಿಯ ಸುದ್ದಿ ಮೂವತ್ತೊಂದು ಸೆಂಟಿಮೀಟರ್. ಎದುರು ನಿಂತ ನಿವೃತ್ತ ಮುಖ್ಯೋಪಾಧ್ಯಾಯಿನಿಯದು ಒಂಬತ್ತು. ಅದರಲ್ಲೂ ನಾಲ್ಕು, ಆಕೆಯ ಬಟ್ಟೆಯ ಬಣ್ಣಕ್ಕೂ ನಗುವಿಗೂ ಹೋಗಿತ್ತು.

"ಈಗ ಇಬ್ಬರ ಹೆಸರು ಅದಲುಬದಲು ಮಾಡಿ ಓದಿ," ಎಂದರು.

ನಾಲ್ಕು ಪತ್ರಿಕೆಗಳ ಆರು ಮಂದಿ ವರದಿಗಾರ್ತಿಯರು ಅವರ ಬುಧವಾರದ ತರಗತಿಗೆ ಬಂದು ಸುತ್ತ ಕೂತಿದ್ದರು. ಅವರಲ್ಲಿ ಕಿರಿಯವಳು ಎದ್ದು ಓದಿದಳು: "ತಿಳಿನೀಲಿ ಅಂಗಿಯಲ್ಲಿ ಕಂಗೊಳಿಸುತ್ತಿದ್ದ ಸಿಮೆಂಟು ವ್ಯಾಪಾರಿ, ಮಾಸದ ಮುಗುಳ್ನಗೆಯೊಂದಿಗೆ..." ಮುಂದೆ ಓದಲಾಗಲಿಲ್ಲ. ಕೋಣೆ ನಕ್ಕ ಸದ್ದಿಗೆ ಕೆಳಗಿನ ಅಂಗಡಿಯವನು ಗಾಳಿ ಹೊಡೆಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಅವರಿಗೆ ಬರೆದರೆ ನಗು ಬರುತ್ತೆ. ಆ ಮೇಡಂಗೆ ಬರೆದಾಗ ಯಾಕೆ ಬರಲಿಲ್ಲ?"

ಹೀಗೆ ಕೇಳುತ್ತಾ ಆ ಹಿರಿಯಾಕೆ ಅಡಿಪಟ್ಟಿಯನ್ನು ಆ ಸಾಲಿನ ಕೆಳಗೆ ಇಟ್ಟರು.

ಕಚೇರಿಯಲ್ಲಿ ಅವರನ್ನು ಕರೆಯುವುದೇ ಸ್ಕೇಲಕ್ಕ ಎಂದು. ಮೊದಲು ಗೇಲಿಗೆ ಇಟ್ಟದ್ದು, ಈಗ ಹೆಸರೇ ಆಗಿದೆ. ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಮೊದಲ ಒಂಬತ್ತು ವರ್ಷ ಮಹಿಳಾ ಪುಟದಲ್ಲಿ ಕಳೆದವು. ರಾಜಕೀಯ ವರದಿಗೆ ಬರಲು ಮೂವರು ಸಂಪಾದಕರ ಬಾಗಿಲು ತಟ್ಟಬೇಕಾಯಿತು.

ಕೋಣೆಯ ಗೋಡೆಗೆ ಹಳದಿಯಾದ ಒಂದು ಪತ್ರಿಕಾ ತುಣುಕು ಅಂಟಿಸಿದೆ. ಹನ್ನೊಂದು ವರ್ಷದ ಹಿಂದಿನ ಅಭ್ಯರ್ಥಿ ಪರಿಚಯ: 'ಮನೆಯನ್ನೂ ಮತದಾರರನ್ನೂ ಒಂದೇ ಕೈಯಲ್ಲಿ ಸಂಭಾಳಿಸುವ ನಗುಮೊಗದ ಗೃಹಿಣಿ.' ಮೊದಲ ತರಗತಿಗೆ ಇದನ್ನು ಹುಡುಕಿ ತಂದದ್ದು ಆ ಕಿರಿಯವಳೇ. "ಅಕ್ಕಾ, ಬೈಬೇಡಿ. ಇದು ನೀವೇ ಬರೆದದ್ದು."

ಸ್ಕೇಲಕ್ಕ ಬೈಯಲಿಲ್ಲ. ಎದ್ದು ನಿಂತು ಗಟ್ಟಿಯಾಗಿ ಓದಿದರು, ಗೋಡೆಗೆ ಹಚ್ಚಲು ಅಂಟು ಕೇಳಿದರು.

ಚುನಾವಣೆಗೆ ಹತ್ತು ದಿನ ಇರುವಾಗ ಇಬ್ಬರು ಅಭ್ಯರ್ಥಿಗಳ ಸಂದರ್ಶನ ಅಕ್ಕಪಕ್ಕ ಹಾಕಲು ಸಂಪಾದಕರು ಹೇಳಿದರು. ಮುಖ್ಯೋಪಾಧ್ಯಾಯಿನಿಗೆ ಕೇಳಬೇಕಾದ ಒಂದು ಪ್ರಶ್ನೆಯನ್ನು ತಾವೇ ಬರೆದುಕೊಟ್ಟರು: ಗೆದ್ದರೆ ಮನೆ ಯಾರು ನೋಡಿಕೊಳ್ಳುತ್ತಾರೆ?

ಬೆಳಿಗ್ಗೆ ತಿಂಡಿ ತಿನ್ನುತ್ತಾ ಸ್ಕೇಲಕ್ಕ ಇದನ್ನು ಹೇಳಿದಾಗ ಅವರ ಅತ್ತೆ ಕನ್ನಡಕ ಮೇಲೆತ್ತಿದರು. "ಆ ಸಿಮೆಂಟಪ್ಪನಿಗೇನು ಮನೆ ಇಲ್ವೇನೇ?"

ಅಷ್ಟು ಸಾಕಾಯಿತು. ಸ್ಕೇಲಕ್ಕ ಇಬ್ಬರಿಗೂ ಅದೇ ಪ್ರಶ್ನೆ ಕೇಳಿದರು. ಮುಖ್ಯೋಪಾಧ್ಯಾಯಿನಿ, "ನನ್ನ ಯಜಮಾನರಿಗೆ ಕೈಕಾಲು ಗಟ್ಟಿಯಾಗಿವೆ," ಎಂದರು. ವ್ಯಾಪಾರಿ ಮಕ್ಕಳ ಓದನ್ನು ತಾನೇ ನೋಡಿಕೊಳ್ಳುತ್ತೇನೆಂದು ಹೇಳಿ, ಅವರು ಎಷ್ಟನೇ ತರಗತಿ ಎಂಬುದನ್ನು ಹೆಂಡತಿಯನ್ನು ಕೂಗಿ ಕೇಳಿದ. ಸ್ಕೇಲಕ್ಕ ಅದನ್ನೂ ಬರೆದುಕೊಂಡರು. ಅವರು ಕಚೇರಿ ತಲುಪುವ ಮೊದಲೇ ಅವನ ಫೋನು ಸಂಪಾದಕರನ್ನು ತಲುಪಿತ್ತು.

"ನೋಡಮ್ಮ, ಅವರದನ್ನು ತೆಗೆದುಬಿಡು. ಮೇಡಂದು ಚೆನ್ನಾಗಿದೆ, ಇರಲಿ."

"ಇದ್ದರೆ ಎರಡೂ ಇರಲಿ ಸರ್. ಇಲ್ಲ ಎರಡೂ ಹೋಗಲಿ."

"ಪಾಠ ಹೇಳೋದೆಲ್ಲ ಆ ಸೈಕಲ್ ಅಂಗಡಿ ಮೇಲೆ ಇಟ್ಕೋ. ಇಲ್ಲಿ ಬೇಡ. ಚುನಾವಣೆ ಸುದ್ದಿ ಬೇಕಾ, ಬೇಡ್ವಾ?"

"ಬೇಕು ಸರ್. ಅದಕ್ಕೇ ಹೇಳ್ತಿದೀನಿ."

ಸಂಪಾದಕರು ಆ ಕೂಡಲೇ ಅವರನ್ನು ಚುನಾವಣೆಯಿಂದ ತೆಗೆದು ಹವಾಮಾನದ ಅಂಕಣಕ್ಕೆ ಹಾಕಿದರು. ಹದಿಮೂರು ವರ್ಷದ ರಾಜಕೀಯ ವರದಿ ಒಂದು ಚೀಟಿಯಲ್ಲಿ ಮುಗಿಯಿತು. ಸಂದರ್ಶನ ಬರೆಯುವ ಕೆಲಸ ಅವರದೇ ಪತ್ರಿಕೆಯ ಆ ಕಿರಿಯವಳಿಗೆ ಬಂತು. ಟಿಪ್ಪಣಿ ಪುಸ್ತಕವನ್ನು ಅವಳಿಗೆ ಒಪ್ಪಿಸುವಾಗ ಸ್ಕೇಲಕ್ಕ ಒಂದೇ ಮಾತು ಹೇಳಿದರು: "ನಿನ್ನ ಕೆಲಸ ಇದು. ನನಗೋಸ್ಕರ ಕಳ್ಕೋಬೇಡ."

ಕಿರಿಯವಳು ಟೈಪು ಮಾಡಿದಳು. ಸಂಪಾದಕರ ಪರದೆಗೆ ಬಂದದ್ದರಲ್ಲಿ ಎರಡು ಉತ್ತರಗಳೂ ಇದ್ದವು, ಮಕ್ಕಳ ತರಗತಿಯ ಸಮೇತ.

"ನಿನಗೂ ಹಿಡೀತಾ ಈ ರೋಗ?"

"ಎರಡೂ ಇರಲಿ ಸರ್. ಇಲ್ಲ ಎರಡೂ ಹೋಗಲಿ." ಕಿರಿಯವಳದೂ ಅದೇ ಮಾತು.

ಪುಟ ಅಚ್ಚಿಗೆ ಹೋಗಲು ನಲವತ್ತು ನಿಮಿಷ ಉಳಿದಿತ್ತು. ಒಂದನ್ನೇ ಅಳಿಸಿದರೆ ಅಕ್ಕಪಕ್ಕದ ಪ್ರಶ್ನೆಗಳು ಹೊಂದುತ್ತಿರಲಿಲ್ಲ; ಮತ್ತೆ ಬರೆಸಲು ಮೂರನೆಯ ವರದಿಗಾರ ಊರಲ್ಲಿರಲಿಲ್ಲ. ಸಂಪಾದಕರು ಕುರ್ಚಿ ಹಿಂದಕ್ಕೆ ತಳ್ಳಿ ಎರಡೂ ಉತ್ತರಗಳನ್ನು ಅಳಿಸಿದರು. ಖಾಲಿಯಾದ ಜಾಗಕ್ಕೆ ಕುಡಿಯುವ ನೀರಿನ ಬಗ್ಗೆ ಇಬ್ಬರೂ ಹೇಳಿದ್ದು ಬಂತು.

ಮರುದಿನ ಬೆಳಿಗ್ಗೆ ಸ್ಕೇಲಕ್ಕ ಅಡಿಪಟ್ಟಿ ಇಟ್ಟು ನೋಡಿದರು. ಇಬ್ಬರಿಗೂ ಹತ್ತೊಂಬತ್ತು ಸೆಂಟಿಮೀಟರ್. ಬಟ್ಟೆಯ ಬಣ್ಣ ಎಲ್ಲೂ ಇರಲಿಲ್ಲ. ಅದೇ ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ, ಸಂಜೆ ಮೋಡ ಕವಿಯುವ ಸಾಧ್ಯತೆಯಿದೆ ಎಂದು ಅವರೇ ಬರೆದ ಎರಡು ಸಾಲು ಇತ್ತು.

ರಾಜಕೀಯ ವರದಿ ಅವರಿಗೆ ಮರಳಿ ಸಿಕ್ಕಿಲ್ಲ. ಮರಳಿ ಕೇಳಿ ಬರೆದ ಪತ್ರ ಸಂಪಾದಕರ ಮೇಜಿನ ಮೇಲಿದೆ. ಪ್ರತಿ ಸೋಮವಾರ ಸ್ಕೇಲಕ್ಕ ಅದರ ಮೇಲೆ ಇನ್ನೊಂದು ಪತ್ರ ಇಡುತ್ತಾರೆ. ಬರುವ ಬುಧವಾರದ ತರಗತಿಗೆ ಒಂಬತ್ತು ಮಂದಿ ಬರುತ್ತಿದ್ದಾರೆ. ಕೆಳಗಿನ ಅಂಗಡಿಯವನು ಮೂರು ಸ್ಟೂಲು ಕೊಡುವುದಾಗಿ ಒಪ್ಪಿದ್ದಾನೆ.