ಸೆನೆಟರನ ಪತ್ರಗಳನ್ನು ಬರೆದವಳು ನಾನು

ಕ್ಯಾಲಿಫೋರ್ನಿಯಾ ರಾಜ್ಯದ ಶಾಸನಸಭೆಯಲ್ಲಿ ಹದಿನಾಲ್ಕು ವರ್ಷ ಕೂತು ಎದ್ದ ಒಬ್ಬ ಮನುಷ್ಯನ ಕೈಕೆಳಗೆ ನಾನು ಏಳು ವರ್ಷ ಕೆಲಸ ಮಾಡಿದೆ. ಅವನು ಮೊದಲ ಆರು ವರ್ಷ ಕೆಳಮನೆಯಲ್ಲಿದ್ದ, ಆಮೇಲಿನ ಎಂಟು ವರ್ಷ ಮೇಲ್ಮನೆಯಲ್ಲಿ. ಮೇಲ್ಮನೆಗೆ ಹೋದವರನ್ನು ಇಲ್ಲಿ ಸೆನೆಟರ್ ಅನ್ನುತ್ತಾರೆ. ಅವನ ಹೆಂಡತಿ ಕೂಡ ಆಫೀಸಿಗೆ ಫೋನ್ ಮಾಡಿದರೆ ‘ಸೆನೆಟರ್ ಇದ್ದಾರಾ’ ಎಂದೇ ಕೇಳುತ್ತಿದ್ದಳು. ನಾನು ಮಾತ್ರ ಮನೆಗೆ ಬಂದು ಗಂಡನ ಹತ್ತಿರ ಕನ್ನಡದಲ್ಲಿ ಮಾತಾಡುವಾಗ ಮೊದಲ ವರ್ಷ ‘ಅವರು’ ಅಂದೆ, ಎರಡನೇ ವರ್ಷ ‘ಆತ’ ಅಂದೆ, ಮೂರನೇ ವರ್ಷದಿಂದ ‘ಅವನು’. ಇಂಗ್ಲಿಷಿನಲ್ಲಿ ಈ ಅನುಕೂಲ ಇಲ್ಲ.

ನಾನು ತುಮಕೂರಿನವಳು. ಸ್ಯಾನ್ ಡಿಯಾಗೋದಲ್ಲಿ ಆಡಳಿತಶಾಸ್ತ್ರದಲ್ಲಿ ಎಂ.ಎ. ಮುಗಿಸಿದಾಗ ಎಲ್ಲೆಲ್ಲೂ ಕೆಲಸ ಕಳೆದುಕೊಂಡವರೇ ಇದ್ದರು. ಮದುವೆಯಾಗಿ ಡೈಮಂಡ್ ಬಾರ್‌ಗೆ ಬಂದೆ. ಗಂಡ ಬೆಳಿಗ್ಗೆ ಟೊರೆನ್ಸ್‌ಗೆ ಡ್ರೈವ್ ಮಾಡಿಕೊಂಡು ಹೋದರೆ ಸಂಜೆಯವರೆಗೆ ನಾನು ಸಿಕ್ಕಸಿಕ್ಕ ಕಡೆ ಅಪ್ಲೈ ಮಾಡುತ್ತ ಕೂರುತ್ತಿದ್ದೆ. ಕೆಲಸ ಮಾಡುವ ಪರ್ಮಿಟ್ ಕೈಗೆ ಬಂದ ಮೂರೇ ತಿಂಗಳಿಗೆ ಸೆನೆಟರನ ಸ್ಥಳೀಯ ಕಚೇರಿಯಲ್ಲಿ ಜಾಗ ಸಿಕ್ಕಿತು. ಕಚೇರಿ ಇದ್ದದ್ದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಲ್ಲಿ. ಊರಿನ ಹೆಸರು ಬೇಡ.

ನನ್ನ ಕೆಲಸ ಪತ್ರ ಬರೆಯುವುದು. ಜನ ತಮ್ಮ ಕಷ್ಟ ಬರೆದು ಕಳಿಸುತ್ತಿದ್ದರು, ಸೆನೆಟರ್ ಬರೆದಂತೆ ನಾನು ಉತ್ತರ ಬರೆಯುತ್ತಿದ್ದೆ. ಅವನ ಸಹಿ ಹಾಕಲು ಒಂದು ಯಂತ್ರವಿತ್ತು. ಅದಕ್ಕೆ ನೀಲಿ ಪೆನ್ನು ಸಿಕ್ಕಿಸಿದರೆ ಅವನಿಗಿಂತ ಅಂದವಾಗಿ ಸಹಿ ಹಾಕುತ್ತಿತ್ತು. ‘ನಿಮ್ಮ ಪತ್ರ ನನ್ನ ಮನಸ್ಸನ್ನು ತಟ್ಟಿತು’ ಎಂದು ನಾನು ಬರೆದ ಸಾವಿರಾರು ಪತ್ರಗಳಲ್ಲಿ ಅವನು ಓದಿದ್ದು ಹತ್ತೂ ಇರಲಿಕ್ಕಿಲ್ಲ.

ಹಾಗಾದರೆ ಅವನು ಏನು ಮಾಡುತ್ತಿದ್ದ? ಸಮಾರಂಭಗಳಿಗೆ ಹೋಗುತ್ತಿದ್ದ. ಬೇಕರಿ ಶುರುವಾದರೆ ಒಂದು ಪ್ರಶಸ್ತಿಪತ್ರ, ಕರಾಟೆ ಶಾಲೆಗೆ ಹತ್ತು ವರ್ಷ ತುಂಬಿದರೆ ಇನ್ನೊಂದು. ಚಿನ್ನದ ಬಣ್ಣದ ಅಂಚು, ಕೆಳಗೆ ಯಂತ್ರದ ಸಹಿ. ವಿಧೇಯಕಗಳನ್ನೂ ಮಂಡಿಸುತ್ತಿದ್ದ, ಆದರೆ ಅವನ್ನು ಬರೆಯುತ್ತಿದ್ದವರು ಬೇರೆ. ಕಂಪನಿಗಳ ಕಡೆಯ ಸೂಟು ಹಾಕಿದವರು ಬಂದು ಕವರು ಕೊಟ್ಟು ಹೋಗುತ್ತಿದ್ದರು. ಒಳಗಿನ ಕಾಗದ ಅವನ ಹೆಸರಲ್ಲಿ ಸಭೆಗೆ ಹೋಗುತ್ತಿತ್ತು. ಒಮ್ಮೆ ಪತ್ರಕರ್ತೆಯೊಬ್ಬಳು ಫೋನ್ ಮಾಡಿ, ಅವನೇ ಮಂಡಿಸಿದ ವಿಧೇಯಕದ ಮೂರನೇ ಕಲಮಿನ ಅರ್ಥ ಕೇಳಿದಳು. ಅವನು ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನೇ ಕೇಳಿದ, “ಮೂರನೇ ಕಲಮು ಇದೆಯಾ?”

ನಮ್ಮವರ ರಾಜ್ಯೋತ್ಸವಕ್ಕೂ ಬಂದಿದ್ದ. ಕರೆದವಳು ನಾನೇ. ಕಾರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ನಮಸ್ಕಾರ’ ಬರೆದುಕೊಟ್ಟಿದ್ದೆ. ಅದನ್ನು ಸರಿಯಾಗಿಯೇ ಅಂದ. ಆಮೇಲೆ ಹೋದ ವಾರ ಇನ್ಯಾರದೋ ಹಬ್ಬದಲ್ಲಿ ಮಾಡಿದ ಭಾಷಣವನ್ನೇ ಮಾಡಿದ. ನಡುವೆ ಎರಡು ಸಲ ‘ಕೆನಡಾ ಸಂಸ್ಕೃತಿ’ ಎಂದ. ಸಭೆಯಲ್ಲಿದ್ದ ಇಂಜಿನಿಯರುಗಳು, ಅವರ ಹೆಂಡಂದಿರು, ಹೊಸ ಸೀರೆ ಉಟ್ಟ ಆಂಟಿಯರು ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿ ನಿಂತರು. ಬಿಸಿಬೇಳೆಭಾತ್ ಆರುತ್ತಿದ್ದರೂ ಯಾರೂ ಸಾಲು ಬಿಡಲಿಲ್ಲ. ಅವನ ಮೇಲೆ ಬಂದ ತಾತ್ಸಾರದಲ್ಲಿ ಒಂದು ಪಾಲು ನಮ್ಮವರಿಗೂ ಸಲ್ಲಬೇಕು ಅನ್ನಿಸಿದ್ದು ಅವತ್ತೇ.

ಆ ಸಾಲಿನಲ್ಲಿ ನಿಲ್ಲದ ಒಬ್ಬರಿದ್ದರು. ವಿಜಯಪುರದ ಕಡೆಯವರು, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಟೀಚರು. ಮಗಳ ಸಂಸಾರದೊಂದಿಗೆ ನಮ್ಮ ಕಚೇರಿಯ ಊರಲ್ಲೇ ಇದ್ದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅವರು ಊಟದ ತಟ್ಟೆ ಹಿಡಿದು ನನ್ನ ಹತ್ತಿರ ಬಂದು ಕೇಳಿದರು, “ತಂಗಿ, ನೀ ಇಂವನ ಆಫೀಸಿನ್ಯಾಗ ಇರ್ತೀ ಅಂತಲ್ಲ? ನಮ್ಮ ಕಡೆ ಒಂದು ರಸ್ತಾ ಅದ. ಅದನ್ನ ದಾಟೂದು ಭಾಳ ಕಷ್ಟ ಆಗ್ಯದ. ಇಂವಗ ಹೇಳಿದ್ರ ಆಗ್ತದೇನು?”

“ಆಗತ್ತೆ ಆಂಟಿ. ಒಂದು ಲೆಟರ್ ಬರೆದುಕೊಡಿ ಸಾಕು,” ಅಂದೆ.

ಆ ರಸ್ತೆ ನನಗೆ ಗೊತ್ತಿತ್ತು. ಊರಿನ ಮಧ್ಯೆ ಹಾದುಹೋಗುವ ರಾಜ್ಯ ಹೆದ್ದಾರಿ, ಆರು ಲೇನು. ಒಂದು ಕಡೆ ವಯಸ್ಸಾದವರು ಇರುವ ಅಪಾರ್ಟ್‌ಮೆಂಟುಗಳು, ಬಸ್ ಸ್ಟಾಪು. ಇನ್ನೊಂದು ಕಡೆ ಲೈಬ್ರರಿ ಮತ್ತು ದೊಡ್ಡ ಶಾಪಿಂಗ್ ಕಾಂಪ್ಲೆಕ್ಸ್. ಬಿಳಿ ಪಟ್ಟೆ ಬಳಿದಿದ್ದರು, ಸಿಗ್ನಲ್ ಇರಲಿಲ್ಲ. ಆಂಟಿ ದಿನಾ ಅಲ್ಲಿಗೆ ಹೋಗುತ್ತಿದ್ದದ್ದು ಅಪಾರ್ಟ್‌ಮೆಂಟಿನ ಒಬ್ಬ ಕೊರಿಯನ್ ಅಜ್ಜಿಯ ಜೊತೆ. ಆಕೆಗೆ ಕನ್ನಡ ಬಾರದು, ಇವರಿಗೆ ಕೊರಿಯನ್ ಬಾರದು, ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಕೈ ಹಿಡಿದುಕೊಂಡು ರಸ್ತೆ ದಾಟಿ, ಲೈಬ್ರರಿಯ ಮುಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತು ಬರುತ್ತಿದ್ದರು.

ಆಂಟಿ ನಲವತ್ತು ಜನರ ಸಹಿ ಹಾಕಿಸಿದ ಅರ್ಜಿ ತಂದುಕೊಟ್ಟರು. ಸೆನೆಟರ್ ಸಾರಿಗೆ ಸಮಿತಿಯಲ್ಲಿದ್ದ. ಅವನ ಒಂದು ಪತ್ರ ಹೋದರೆ ಸಾರಿಗೆ ಇಲಾಖೆ ಸಮೀಕ್ಷೆ ಶುರುಮಾಡುತ್ತಿತ್ತು. ಪತ್ರ ಸಿದ್ಧಮಾಡಿ, ಅದನ್ನು ಯಂತ್ರಕ್ಕೆ ಕೊಡದೆ ಅವನ ಮೇಜಿಗೇ ಒಯ್ದೆ.

ಅವನು ಓದಿದ. ಓದಿದ್ದೇ ನನಗೆ ಆಶ್ಚರ್ಯ.

“ಆ ಕಾಂಪ್ಲೆಕ್ಸಿನ ಮಾಲೀಕ ನನ್ನ ಮೊದಲ ಚುನಾವಣೆಯಿಂದ ಜೊತೆಗಿದ್ದಾನೆ,” ಅಂದ. “ಅಲ್ಲಿ ಸಿಗ್ನಲ್ ಬಂದರೆ ಕಾರುಗಳು ಎಡಕ್ಕೆ ತಿರುಗಿ ಅವನ ಗೇಟಿನೊಳಗೆ ಹೋಗೋಕಾಗಲ್ಲ. ಸಿಗ್ನಲ್ ಬೇಡ ಅಂತ ನನಗೆ ಈಗಾಗಲೇ ಹೇಳಿದ್ದಾನೆ.”

“ಅಜ್ಜಿಯರು ದಾಟುತ್ತಾರೆ, ಸೆನೆಟರ್.”

“ಹೌದು, ಹೌದು. ಅವರಿಗೆ ಒಂದು ಒಳ್ಳೆ ಪತ್ರ ಬರಿ. ನೀನು ತುಂಬಾ ಚೆನ್ನಾಗಿ ಬರೀತೀಯ. ನಮ್ಮಲ್ಲಿ ನಿನ್ನಷ್ಟು ಚೆನ್ನಾಗಿ ಬರೆಯೋರು ಯಾರೂ ಇಲ್ಲ.”

ಆ ಮಾತಿಗೆ ನನಗೆ ಖುಷಿಯಾಯಿತು. ಇದನ್ನು ಬರೆಯಲು ಇಷ್ಟವಿಲ್ಲ, ಆದರೆ ಆಗಿದ್ದು ಹಾಗೆಯೇ. ಕಾರಿನಲ್ಲಿ ಮನೆಗೆ ಹೋಗುವಾಗಲೂ ಆ ಹೊಗಳಿಕೆಯನ್ನೇ ಮೆಲುಕು ಹಾಕುತ್ತಿದ್ದೆ. ಮರುದಿನ ಆಂಟಿಗೆ ಪತ್ರ ಬರೆದೆ: ನಿಮ್ಮ ಅರ್ಜಿ ನನ್ನ ಮನಸ್ಸನ್ನು ತಟ್ಟಿದೆ, ವಿಷಯ ಪರಿಶೀಲನೆಯಲ್ಲಿದೆ. ಅದರ ಮುಂದಿನ ವರ್ಷವೂ ಒಂದು ಬರೆದೆ, ಅದರ ಮುಂದಿನ ವರ್ಷ ಇನ್ನೊಂದು. ಮೂರು ಪತ್ರಗಳಲ್ಲೂ ಒಂದೇ ವಾಕ್ಯ ಮರುಕಳಿಸದಂತೆ ನೋಡಿಕೊಂಡೆ.

ನಾಲ್ಕನೇ ವರ್ಷ ಒಂದು ಬೆಳಿಗ್ಗೆ ಆ ಕೊರಿಯನ್ ಅಜ್ಜಿಗೆ ಕಾರು ಹೊಡೆಯಿತು. ಆಂಟಿಗೆ ಅವತ್ತು ನೆಗಡಿ, ಹೊರಗೆ ಹೋಗಿರಲಿಲ್ಲ. ಅಜ್ಜಿ ಒಬ್ಬರೇ ಬಿಳಿ ಪಟ್ಟೆಯ ಮೇಲೇ ನಡೆಯುತ್ತಿದ್ದರು. ಸೊಂಟದ ಮೂಳೆ ಮುರಿಯಿತು. ಪ್ರಾಣ ಉಳಿಯಿತು, ಆದರೆ ಅವರು ಮತ್ತೆ ತಮ್ಮ ಕಾಲ ಮೇಲೆ ನಿಲ್ಲಲಿಲ್ಲ.

ಸೆನೆಟರ್ ಆಗ ದ್ರಾಕ್ಷಿತೋಟವೊಂದರಲ್ಲಿ ಯಾವುದೋ ಸಮ್ಮೇಳನದಲ್ಲಿದ್ದ. ಫೋನ್ ಮಾಡಿ ತಿಳಿಸಿದೆ. “ಸತ್ತರಾ?” ಎಂದು ಕೇಳಿದ. ಇಲ್ಲ ಅಂದೆ. “ದೇವರು ದೊಡ್ಡವನು. ಹೂವು ಕಳಿಸು,” ಎಂದು ಇಟ್ಟುಬಿಟ್ಟ.

ಎರಡು ದಿನ ಬಿಟ್ಟು ಆಂಟಿ ಕಚೇರಿಗೆ ಬಂದರು. ಕೂಗಾಡಬಹುದೆಂದು ಕಾದೆ. ಅವರು ಕುರ್ಚಿಯ ಮೇಲೆ ಕೂತು, ಚೀಲದಿಂದ ಮೂರು ಪತ್ರ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

“ಇವನ್ನ ಬರದಾಂವ ಅಂವ ಏನು?”

“ಅಲ್ಲ ಆಂಟಿ. ನಾನು.”

“ಛಲೋ ಬರದೀ,” ಅಂದರು. ಪತ್ರಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. “ಈಗ ಖರೇ ಹೇಳು. ಅಂವನ್ನ ಬಿಡು. ಯಾರಿಗೆ ಬರದ್ರ ಕೆಲಸ ಆಗ್ತದ?”

ಬಾಗಿಲು ತೆರೆದಿತ್ತು, ಒಳಗಿನ ಕೋಣೆಯಲ್ಲಿ ಆಫೀಸಿನ ಮುಖ್ಯಸ್ಥೆ ಕೂತಿದ್ದಳು. ನಾನು ಒಂದು ಚೀಟಿಯ ಮೇಲೆ ಸಾರಿಗೆ ಇಲಾಖೆಯ ಸುರಕ್ಷತಾ ವಿಭಾಗದ ವಿಳಾಸ ಬರೆದು, ಮೇಜಿನ ಕೆಳಗಿಂದ ಅವರ ಕೈಗೆ ಕೊಟ್ಟೆ. ಆ ಏಳು ವರ್ಷದಲ್ಲಿ ನಾನು ಮಾಡಿದ ಅತಿ ದೊಡ್ಡ ಸಾಹಸ ಅದು. ನೆನೆದರೆ ನಗು ಬರುತ್ತದೆ. ಆ ವಿಳಾಸ ಯಾರು ಬೇಕಾದರೂ ನೋಡಬಹುದಾದ ವೆಬ್‌ಸೈಟಿನಲ್ಲೇ ಇತ್ತು.

ಇಲಾಖೆಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ತಲೆಗೆ ಹಳದಿ ಹೆಲ್ಮೆಟ್ಟು. ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರ್ ಪೈಪು ಹಾಸಿ ಕಾರುಗಳನ್ನು ಎಣಿಸಿದಳು, ಕಟ್ಟೆಯ ಮೇಲೆ ನಿಂತು ದಾಟುವವರನ್ನು ಎಣಿಸಿದಳು. ಆಂಟಿ ದಿನಾ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಒಯ್ದು ಕೊಟ್ಟರು. ಹುಡುಗಿ ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ತಿಂದಳಂತೆ. ಕಾಂಪ್ಲೆಕ್ಸಿನ ಮಾಲೀಕ ಆಕ್ಷೇಪ ಎತ್ತಿದ, ಆಕೆ ವರದಿ ಬದಲಿಸಲಿಲ್ಲ. ಒಂದೂವರೆ ವರ್ಷದ ಮೇಲೆ ಕಂಬಗಳು ಎದ್ದವು.

ಕಂಬ ಎದ್ದ ಸುದ್ದಿ ತಿಳಿದದ್ದೇ ತಡ ಸೆನೆಟರ್ ಉದ್ಘಾಟನೆ ಇಟ್ಟುಕೊಂಡ. ಮಾಲೀಕನ ಮಾತು ಏನಾಯಿತು ಎಂದು ಮುಖ್ಯಸ್ಥೆ ಕೇಳಿದ್ದಕ್ಕೆ, “ಬಂದಾಯ್ತಲ್ಲ, ಈಗ ನಮ್ಮದು ಅಂತ ಹೇಳದೆ ಬಿಟ್ಟರೆ ಬೇರೆಯವರು ಹೇಳ್ತಾರೆ,” ಅಂದ. ಅವನಿಂದ ನಾನು ಕೇಳಿದ ಒಂದೇ ಪ್ರಾಮಾಣಿಕ ಮಾತು ಅದು.

ರಸ್ತೆಯ ಬದಿಯಲ್ಲಿ ರಿಬ್ಬನ್ನು, ಮೈಕು, ಇಬ್ಬರು ಕ್ಯಾಮೆರಾದವರು. ಕತ್ತರಿ ಹಿಡಿದು ಪಕ್ಕದಲ್ಲಿ ನಾನು. “ಬೆಂಗಳೂರಿನ ಒಬ್ಬ ಅಜ್ಜಿಗೆ ನಾನು ಮಾತು ಕೊಟ್ಟಿದ್ದೆ,” ಎಂದು ಭಾಷಣ ಶುರುಮಾಡಿದ. ಆಂಟಿ ಜೀವಮಾನದಲ್ಲಿ ಬೆಂಗಳೂರಿಗೆ ಹೋದದ್ದು ಪಾಸ್‌ಪೋರ್ಟ್ ಕೆಲಸಕ್ಕೆ ಮತ್ತು ವಿಮಾನ ಹತ್ತಲು ಮಾತ್ರ. ಇಂಜಿನಿಯರ್ ಹುಡುಗಿಯನ್ನು ಯಾರೂ ಕರೆದಿರಲಿಲ್ಲ. ಭಾಷಣ ಮುಗಿಸಿ ಆಂಟಿಯ ಹೆಗಲ ಮೇಲೆ ಕೈ ಹಾಕಿ ಮೈಕನ್ನು ಅವರ ಮುಂದೆ ಹಿಡಿದ.

ಆಂಟಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತರಗತಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದರು. “ಇಂವ ಏನೂ ಮಾಡಿಲ್ಲ. ನಾಕು ವರ್ಷ ಬರೇ ಕಾಗದ ಕಳಿಸ್ಯಾನ. ನಮ್ಮ ಗೆಳತಿ ಸೊಂಟ ಮುರಕೊಂಡು ಕುಂತಾಳ. ಇದನ್ನ ಮಾಡಿದಾಕಿ ಆ ಇಂಜಿನಿಯರ್ ಹುಡುಗಿ. ಆಕಿ ಎಲ್ಲಿ ಅದಾಳ? ಆಕೀನ ಯಾಕ ಕರದಿಲ್ಲ?”

ಸೆನೆಟರ್ ನಗುತ್ತ ತಲೆಯಾಡಿಸುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. ಕ್ಯಾಮೆರಾಗಳೂ ತಿರುಗಿದವು.

ನಾನು ಇಂಗ್ಲಿಷಿನಲ್ಲಿ ಹೇಳಿದೆ, “ಎಲ್ಲರಿಗೂ ತುಂಬಾ ಧನ್ಯವಾದ ಹೇಳುತ್ತಿದ್ದಾರೆ. ಇದಕ್ಕಾಗಿ ಕೆಲಸ ಮಾಡಿದ ಇಂಜಿನಿಯರುಗಳಿಗೂ.”

ಚಪ್ಪಾಳೆ ಬಿತ್ತು. ಅವನು ರಿಬ್ಬನ್ ಕತ್ತರಿಸಿದ.

ಆಂಟಿಯನ್ನು ಮನೆಗೆ ಬಿಡಲು ಕಾರಿನಲ್ಲಿ ಕರೆದೊಯ್ದೆ. ಅರ್ಧ ದಾರಿಯಲ್ಲಿ ಅವರು ಹೇಳಿದರು, “ತಂಗಿ, ನನಗ ಇಂಗ್ಲಿಷ್ ಮಾತಾಡ್ಲಿಕ್ಕೆ ಬರಂಗಿಲ್ಲ, ಅಷ್ಟ. ಕೇಳಿದ್ರ ತಿಳೀತದ.”

ನಾನು ಸ್ಟಿಯರಿಂಗ್ ಹಿಡಿದು ರಸ್ತೆ ನೋಡುತ್ತಿದ್ದೆ.

“ಅಂವಗ ನಾಚಿಕಿ ಇಲ್ಲ. ಅದು ನನಗ ಮೊದಲ ದಿನಾನೇ ಗೊತ್ತಾಗಿತ್ತು. ನಿನಗ ಅದ ಅಂತ ತಿಳಕೊಂಡಿದ್ದೆ.”

ಅವತ್ತೇ ರಾಜೀನಾಮೆ ಕೊಟ್ಟೆ ಎಂದು ಬರೆಯಲು ಆಸೆ. ಕೊಡಲಿಲ್ಲ. ಅವನ ಅವಧಿ ಮುಗಿಯುವವರೆಗೂ ಅಲ್ಲೇ ಇದ್ದೆ. ಬೀಳ್ಕೊಡುಗೆಯ ಭಾಷಣವನ್ನೂ ನಾನೇ ಬರೆದೆ, ಅದರಲ್ಲಿ ಸಿಗ್ನಲ್ ಎರಡನೇ ಪುಟದಲ್ಲಿತ್ತು. ಆಂಟಿ ಮಾತು ಬಿಡಲಿಲ್ಲ, ಎದುರಾದರೆ ಚಹಾಕ್ಕೆ ಕರೆಯುತ್ತಿದ್ದರು. ಆದರೆ ಆಮೇಲೆ ಯಾವ ಕಾಗದಕ್ಕೂ ನನ್ನನ್ನು ಕೇಳಲಿಲ್ಲ. ಆಸ್ಪತ್ರೆಗೆ, ಬ್ಯಾಂಕಿಗೆ ಮೊಮ್ಮಗಳನ್ನು ಕರೆದೊಯ್ಯುತ್ತಿದ್ದರು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ದಾಟಿಸುತ್ತಿದ್ದಳು.

ಗಂಡನಿಗೆ ಸ್ಯಾನ್ ಡಿಯಾಗೋದಲ್ಲಿ ಕೆಲಸ ಸಿಕ್ಕಿತು, ನಾವು ಅಲ್ಲಿಗೆ ಹೋದೆವು. ನಾನು ಲೈಬ್ರರಿಯೊಂದರಲ್ಲಿ ಸೇರಿಕೊಂಡೆ. 2019ರಲ್ಲಿ ಕಡಲ ದಂಡೆಯ ಹೋಟೆಲೊಂದರಲ್ಲಿ ಸಾರ್ವಜನಿಕ ಸೇವೆಯ ಬಗ್ಗೆ ಒಂದು ಗೋಷ್ಠಿಗೆ ನಮ್ಮ ಲೈಬ್ರರಿಯಿಂದ ನನ್ನನ್ನು ಕಳಿಸಿದರು. ವೇದಿಕೆಯ ಮೇಲೆ ಅವನು! ಈಗ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟುವವರ ಸಂಘವೊಂದಕ್ಕೆ ಸಲಹೆಗಾರನಂತೆ. ಕೊರಳಿನ ಬಿಲ್ಲೆಯ ಮೇಲೆ ಇನ್ನೂ ‘ಸೆನೆಟರ್’ ಎಂದೇ ಇತ್ತು.

ಊಟದ ವಿರಾಮದಲ್ಲಿ ಅವನ ಸುತ್ತ ನಾಲ್ಕೈದು ಜನ. ನನ್ನನ್ನು ಕಂಡು ಕೈ ಎತ್ತಿದ, ಬೇರೆ ಯಾರದೋ ಹೆಸರು ಹಿಡಿದು ಕರೆದ. “ಇವಳು ನನ್ನ ಆಫೀಸಿನಲ್ಲಿದ್ದಳು. ಆ ಸಿಗ್ನಲ್ಲಿನ ಕತೆ ಇವಳಿಗೆ ಗೊತ್ತು,” ಎಂದು ಕತೆ ಶುರುಮಾಡಿದ. ಅದು ಈಗ ಬೆಳೆದಿತ್ತು. ಅಪಘಾತವಾದ ಬೆಳಿಗ್ಗೆ ತಾನೇ ಅಲ್ಲಿಗೆ ಓಡಿದನಂತೆ, ಅಜ್ಜಿಯ ಕೈ ಹಿಡಿದು ಆಂಬುಲೆನ್ಸ್ ಬರುವವರೆಗೆ ರಸ್ತೆಯ ಮೇಲೆ ಕೂತಿದ್ದನಂತೆ. ಅವನ ಕಣ್ಣಲ್ಲಿ ನೀರು ಬಂತು.

“ಇಲ್ಲ, ಸೆನೆಟರ್,” ಅಂದೆ. “ಅವತ್ತು ನೀವು ಊರಲ್ಲೇ ಇರಲಿಲ್ಲ. ದ್ರಾಕ್ಷಿತೋಟದಲ್ಲಿದ್ದಿರಿ. ಫೋನ್ ಮಾಡಿದವಳು ನಾನು.”

ಅವನು ಜೋರಾಗಿ ನಕ್ಕು, “ನೋಡಿದಿರಾ? ಸಣ್ಣಪುಟ್ಟ ವಿವರಗಳಲ್ಲಿ ಇವಳು ಯಾವಾಗಲೂ ಬಲು ಕಟ್ಟುನಿಟ್ಟು!” ಅಂದ. ಸುತ್ತಲಿದ್ದವರೂ ನಕ್ಕರು. ಅವನು ಸಲಾಡಿನ ಕಡೆ ಹೋದ.

ಅವನು ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದ. ನನಗೆ ಹೇಸಿಗೆಯಾದದ್ದು ಅದಕ್ಕೇ.

ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಆಂಟಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. “ಅಂವ ಇನ್ನೂ ಮಾತಾಡ್ಕೋತ ಅದಾನೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಸುದ್ದಿಗೆ ಹೋದರು. ಗೆಳತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಾವೇ ದಿನಾ ರಸ್ತೆ ದಾಟಿಸುತ್ತಿದ್ದಾರಂತೆ. ಸಿಗ್ನಲ್ ಬಲು ಬೇಗ ಬದಲಾಗುತ್ತದೆ, ಅರ್ಧ ದಾಟುವಷ್ಟರಲ್ಲಿ ಕಾರುಗಳು ಗುರ್ ಅನ್ನುತ್ತವೆ ಅಂದರು.

“ನಾನು ಒಂದು ಲೆಟರ್ ಬರೆದುಕೊಡಲಾ ಆಂಟಿ?”

“ಬ್ಯಾಡ. ಆ ಇಂಜಿನಿಯರ್ ಹುಡುಗಿಗೆ ನಾನ ಇಂಗ್ಲಿಷಿನ್ಯಾಗ ಬರದೀನಿ. ತಪ್ಪು ಅದಾವು. ಇರಲಿ. ಮುಂದಿನ ವಾರ ಬಂದು ನೋಡ್ತೀನಿ ಅಂದಾಳ.”