ಇಪ್ಪತ್ತು ಎಣಿಸುವವರೆಗಿನ ಉಸಿರು

ಗಾಯಕ್ಕೆ ಒತ್ತಬಾರದೆಂದು ರವಿಕೆಯ ಎಡಮಗ್ಗುಲಿನ ಹೊಲಿಗೆ ಬಿಚ್ಚುತ್ತ ಕೂತಾಗ ಹೊಳೆಯಿತು, ಎದೆ ಎಂಬ ಒಂದೇ ಮಾತಿನಲ್ಲಿ ನಾವು ಎಷ್ಟೊಂದನ್ನು ತುರುಕಿಟ್ಟಿದ್ದೇವೆ: ಕೂಸಿಗೆ ಹಾಲು ಕೊಡುವುದೂ ಎದೆ, ಕೆಟ್ಟ ಸುದ್ದಿಗೆ ಧಸಕ್ಕೆನ್ನುವುದೂ ಎದೆ, ರವಿಕೆ ಹೊಲಿಯುವಾಕೆ ಟೇಪು ಹಿಡಿದು ಅಳೆಯುವುದೂ ಎದೆಯೇ. ಅದನ್ನು ನನಗೆ ಬಿಡಿಸಿ ಹೇಳಿದವರು ಕೊಲ್ಲಾಪುರದ ಡಾಕ್ಟರು. ಎಡ ಸ್ತನದ ಗಂಟು ತೆಗೆದಾಗಿತ್ತು. ಇನ್ನು ಕಿರಣ ಕೊಡಬೇಕು. ಗಡಹಿಂಗ್ಲಜ ಕಡೆಯವರಾದ್ದರಿಂದ ನಮ್ಮ ಕನ್ನಡದಲ್ಲೇ ಹೇಳಿದರು:

"ಕಿರಣ ಬೀಳೂ ಜಾಗಾದ ಹಿಂದನ ನಿಮ್ಮ ಹೃದಯ ಐತ್ರಿ ಅಕ್ಕಾರ. ದೊಡ್ಡ ಉಸಿರ ತಗೊಂಡ ಇಪ್ಪತ್ತ ಎಣಿಸೂತನಕ ಹಿಡದ್ರ ಪುಪ್ಪಸ ಉಬ್ಬಿ ಅದು ದೂರ ಸರಿತೈತಿ. ಆ ಹೊತ್ತಿನಾಗ ಕಿರಣ ಬಿಡತೇವಿ. ಹಿಡಿಯಾಕ ಆಗಲಿಲ್ಲಂದ್ರ ಹೃದಯಕ್ಕೂ ಒಂದಿಷ್ಟ ತಾಕತೈತಿ."

ಉಸಿರು ಹಿಡಿಯುವುದೇನು ಮಹಾ ಎಂದುಕೊಂಡೆ. ಕಬನೂರಿನ ಮನೆಯಲ್ಲಿ, ಪಕ್ಕದ ಶೆಡ್ಡಿನ ಮಗ್ಗಗಳ ಖಟಖಟದ ನಡುವೆ, ಮಣೆಯ ಮೇಲೆ ಕೂತು ಅಭ್ಯಾಸ ಶುರುಮಾಡಿದೆ. ನಮ್ಮವರು ಕೈಗಡಿಯಾರ ಹಿಡಿದು ಎದುರಿಗೆ ನಿಲ್ಲುವರು. ಎಂಟಕ್ಕೇ ನನ್ನ ಉಸಿರು ಜಾರುವುದು.

"ಮೂವತ್ತ ವರ್ಷ ಉಸಿರ ಬಿಡದಂಗ ನನ್ನ ಬೈದಾಕಿ, ಎಂಟಕ್ಕ ದಮ್ಮ ಹೋತೇನ?"

"ಬೈಯಾಕ ನಿಮ್ಮ ಮಾರಿ ನೋಡಿದ್ರ ಸಾಕ, ತಾನ ಬಲ ಬರತಿತ್ರಿ."

ಇಬ್ಬರೂ ನಕ್ಕೆವು. ಆಮೇಲೆ ನಕ್ಕ ನೆನಪಿಲ್ಲ.

ತವರೂರು ನಾಂದಣಿಯಲ್ಲಿ ಅವ್ವ ಕಲಿಸಿದ ನಮ್ಮ ಜೈನರ ಣಮೋಕಾರ ಮಂತ್ರ ಮೂರು ಉಸಿರಿನದು. ಅರಿಹಂತರಿಗೆ ನಮಿಸುತ್ತ ಉಸಿರು ಒಳಗೆ, ಸಿದ್ಧರಿಗೆ ನಮಿಸುತ್ತ ಹೊರಗೆ. ಆಸ್ಪತ್ರೆಯ ತಾಲೀಮಿನಲ್ಲಿ, ಹಲಗೆಯ ಮೇಲೆ ಮಲಗಿ ಆ ದೊಡ್ಡ ಯಂತ್ರ ಮೈಮೇಲೆ ಬಾಗಿದಾಗ, ಭಯಕ್ಕೆ ಮಂತ್ರ ತಾನಾಗಿಯೇ ಏಳುತ್ತಿತ್ತು. ಸಿದ್ಧರ ಹೆಸರು ಬಂದದ್ದೇ ತಡ, ಉಸಿರೂ ಹೊರಗೆ. ಆಚೆ ಕೋಣೆಯಿಂದ ಯಂತ್ರ ನಡೆಸುವ ಹುಡುಗಿಯ ಮರಾಠಿ ಕೇಳಿಸುತ್ತಿತ್ತು: "ಕಾಕೂ, ಶ್ವಾಸ ಸೋಡಲಾತ! ಧರೂನ ಠೇವಾ ನಾ." ಉಸಿರು ಬಿಟ್ಟಿರಲ್ಲ, ಹಿಡಿದಿಟ್ಟುಕೊಳ್ಳಿ ಎಂದು.

ಎಸ್‌ಟಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಆ ಹುಡುಗಿಯ ಕೈ ಬೆಚ್ಚಗಿತ್ತು. ಇಂಥವನ್ನೆಲ್ಲ ದೇವರ ದಯೆಯೆಂದು ಎಣಿಸಿಕೊಳ್ಳುವವಳು ನಾನು. ನೀವೇ ಹೇಳಿ, ಅಂಥವಳಿಗೆ ಯಾವ ಹೆಸರು ಐವತ್ತು ವರ್ಷ ಉಸಿರಿಗೆ ಉಸಿರಾಗಿತ್ತೋ ಅದೇ ಅಡ್ಡ ಬಂದರೆ ಯಾರ ಮುಂದೆ ದೂರಬೇಕು? ಮೂರನೆಯ ದಿನ ಡಾಕ್ಟರು, "ನಾಳೆನೂ ಆಗಲಿಲ್ಲಂದ್ರ ಸಾದಾ ಉಸಿರಿನಾಗನ ಕೊಡೂಣ್ರಿ" ಎಂದರು.

ನಾಲ್ಕನೆಯ ದಿನ ಮಂತ್ರವನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಒಳಗೆ ಹೋದೆ. ಒಂದು, ಎರಡು, ಮೂರು. ಬರೀ ಅಂಕಿ. ಇಪ್ಪತ್ತಾಯಿತು, ಇಪ್ಪತ್ತೆರಡೂ ಆಯಿತು.

"ಛಾನ, ಕಾಕೂ!" ಎಂದಳು ಹುಡುಗಿ. ನನ್ನ ಹೃದಯ ಸರಿದು ದಾರಿ ಬಿಟ್ಟಿತ್ತು. ಆಮೇಲೆ ಕಿರಣ ಶುರುವಾಯಿತು. ದಿನವೂ ಹಾಗೆಯೇ ಹಿಡಿದೆ, ಅಂಕಿಯ ಮೇಲೆ ಅಂಕಿ ಇಟ್ಟು.

ನಿನ್ನೆ, ಹೊತ್ತು ಮುಳುಗುವ ಮುಂಚೆ ಉಂಡು, ಜಪಕ್ಕೆ ಕೂತೆ. ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಅರಿಹಂತರು ಬರಲಿಲ್ಲ; ಒಂದು, ಎರಡು, ಮೂರು ಬಂದವು. ಉಸಿರು ಬಿಟ್ಟು ಮತ್ತೆ ಎಳೆದೆ, ಮತ್ತೂ ಅವೇ. ಒಳಗೆ ಎಷ್ಟು ಹುಡುಕಿದರೂ ಆ ಮೊದಲ ಹೆಸರು ನಾಲಿಗೆಗೆ ಸಿಗದೆ, ಇಪ್ಪತ್ತಕ್ಕೆ ಎದ್ದುಬಿಟ್ಟೆ.

"ಇಷ್ಟ ಲಗೂನ ಜಪ ಆತೇನ?" ಎಂದರು ನಮ್ಮವರು.

"ಆತ್ರಿ," ಎಂದೆ.