ತೂಕಕ್ಕೆ ಮೊದಲು ಶ್ರೀ

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಂಜನಗೂಡಿನ ನೂಲಿನ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ನಾನೂ ಬಂದೆ, ಹಂಗಾಮಿಯಾಗಿ. ಮೂಟೆಗಳ ತೂಕ ಕೇಳಿ ಕೂಡಿಡುವ ಪ್ರೋಗ್ರಾಂ ಬರೆಯಬೇಕು. ಅದು ಮ್ಯಾನೇಜರಿಗೆ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲವಾದರೆ ಊರಿನ ದಾರಿ.

ಬರೆದೆ. ಆದರೆ ಅದರದೊಂದು ಚಾಳಿಗೆ ಮದ್ದು ಸಿಕ್ಕಿರಲಿಲ್ಲ. ಅಂಕಿ ಕೇಳಿದ ಕಡೆ ಯಾರಾದರೂ ಅಕ್ಷರ ಒತ್ತಿದರೆ ಅದು ನುಂಗುತ್ತಲೂ ಇರಲಿಲ್ಲ, ಉಗುಳುತ್ತಲೂ ಇರಲಿಲ್ಲ. ಆ ಅಕ್ಷರವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ‘ತೂಕ? ತೂಕ?’ ಎಂದು ಕೇಳುತ್ತಲೇ ಇರುತ್ತಿತ್ತು.

ಒತ್ತಬೇಕಾದವರು ಉಗ್ರಾಣದ ಹಿರಿಯ ಗುಮಾಸ್ತರು, ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುವವರು. ಅಂಕಿ ಬಿಟ್ಟು ಇನ್ನೇನೂ ಒತ್ತಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

“ನಾನೇನ್ ಮಗೀನಾ? ಆಯ್ತು ಕಣಪ್ಪ” ಎನ್ನುತ್ತಿದ್ದರು.

ಪ್ರೋಗ್ರಾಂ ಓಡಿಸುವ ಮೊದಲ ದಿನ ಪರದೆಗೆ ಕುಂಕುಮ, ಪಕ್ಕದಲ್ಲಿ ಬಾಳೆಹಣ್ಣು. ಮ್ಯಾನೇಜರು ಕೈಕಟ್ಟಿ ನಿಂತರು. ಗುಮಾಸ್ತರು ಕೀಲಿಮಣೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ‘ಶ್ರೀ’ ಒತ್ತಿದರು. ಕಪಿಲೆ ಹೊಳೆ ಉಕ್ಕಿದ ಹಾಗೆ ಪರದೆಯ ತುಂಬ ‘ತೂಕ? ತೂಕ?’ ಹರಿಯತೊಡಗಿತು.

“ಏನ್ರೀ ಇದು? ಮೈಮೇಲೆ ಬಂತಾ ಇದಕ್ಕೆ?” ಎಂದರು ಮ್ಯಾನೇಜರು.

“ಅಂಕಿ ಮಾತ್ರ ಅಂದಿದ್ದೆನಲ್ಲ ಸ್ವಾಮಿ!” ಎಂದೆ ನಾನು.

“ಅಂಕಿ ಆಮೇಲ್ ತಾನೆ? ಶ್ರೀ ಆಕ್ದೆ ಯಾವ ಲೆಕ್ಕಾನೂ ಸುರು ಮಾಡ್ದೋನಲ್ಲ ಕಣಪ್ಪ ನಾನು. ನಾಳೇನೂ ಆಕೋನೇಯ” ಎಂದರು ಗುಮಾಸ್ತರು.

ಪ್ರೋಗ್ರಾಂನ ಓಟ ನಿಲ್ಲಿಸಿದೆ. “ಕಾಫಿ ಕುಡ್ಕೊಂಡ್ ಬರ್ತೀನಿ, ಅಷ್ಟರಲ್ಲಿ ಸರಿಮಾಡಿ” ಎಂದು ಮ್ಯಾನೇಜರು ಹೊರಟರು. ಕೀಲಿಮಣೆಯ ಮುಂದೆ ಕುಳಿತಾಗ ದಾರಿ ಹೊಳೆಯಿತು. ಏನೇ ಒತ್ತಲಿ, ಇಡೀ ಸಾಲನ್ನು ಮೊದಲು ಒಳಕ್ಕೆ ಕರೆದುಕೊಳ್ಳಬೇಕು. ಅಂಕಿ ಇದೆಯೇ ಎಂದು ಆಮೇಲೆ ಹುಡುಕಬೇಕು. ಇಲ್ಲದಿದ್ದರೆ ಸಾಲನ್ನೇ ಬಿಟ್ಟು ಮತ್ತೆ ಕೇಳಬೇಕು. ಹಾಗೆ ತಿದ್ದಿ ಮುಗಿಸುವ ಹೊತ್ತಿಗೆ ಬೂಟಿನ ಸದ್ದು ಕೇಳಿಸಿತು.

ಗುಮಾಸ್ತರು ಮತ್ತೆ ಶ್ರೀ ಒತ್ತಿದರು. ಪರದೆ ಒಂದೇ ಸಲ ‘ತೂಕ?’ ಎಂದು ಸುಮ್ಮನೆ ಕಾದಿತು.

“ನೋಡು, ಈಗ ಮರ್ವಾದೆ ಕಲೀತು” ಎಂದರು.

“ಏಳಿ ಯಜಮಾನ್ರೇ, ನಾನೊಂದ್ಸಲ ನೋಡ್ತೀನಿ” ಎಂದು ಮ್ಯಾನೇಜರು ತಾವೇ ಕುಳಿತರು. ಐವತ್ತು ಒತ್ತಿ, ಅದರ ಬಾಲಕ್ಕೆ ‘ಕೆಜಿ’ ಎಂದೂ ಸೇರಿಸಿಬಿಟ್ಟರು! ಐವತ್ತು ಒಳಗೆ ಹೋಯಿತು, ಕೆಜಿ ಹೊರಗೇ ಉಳಿಯಿತು, ಮುಂದಿನ ‘ತೂಕ?’ ಬಂದು ನಿಂತಿತು.

ಮ್ಯಾನೇಜರು ಎದ್ದು ಬಾಳೆಹಣ್ಣೊಂದನ್ನು ಮುರಿದು ನನ್ನ ಕೈಗಿಟ್ಟರು. “ನಾಳೆಯಿಂದ ಹಂಗಾಮಿ ಅನ್ನೋ ಮಾತು ಬೇಡ.”

ಸುಲಿದು ಅರ್ಧವನ್ನು ಗುಮಾಸ್ತರ ಕೈಗಿಟ್ಟೆ.